ಪೈಪಿನ ಕೆಳತುದಿ

ನಮ್ಮ ಮನೆಯ ಬಚ್ಚಲ ಹಿಂದೆ ಸಿಮೆಂಟಿನದೊಂದು ತೊಟ್ಟಿಯಿದೆ. ಕಟ್ಟಿಸುವಾಗ ಅದರ ತಳದಲ್ಲಿ ನೀರು ಹೋಗಲು ಒಂದು ತೂತು ಇಡಬೇಕೆಂಬುದು ಮೇಸ್ತ್ರಿಗೂ ಹೊಳೆಯಲಿಲ್ಲ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಮರಳಿನಲ್ಲಿ ಉಪ್ಪಿನ ಅಂಶವಿದೆಯೇನೋ ಎಂದು ಚಿಂತಿಸುತ್ತಿದ್ದ ನನಗೂ ಹೊಳೆಯಲಿಲ್ಲ. ಹೀಗಾಗಿ ವರ್ಷಕ್ಕೆರಡು ಸಲ ಅದನ್ನು ತೊಳೆಯುವಾಗ, ಗಿಡಗಳಿಗೆ ನೀರು ಬಿಡುವ ಹಸಿರು ಪೈಪಿನ ಒಂದು ತುದಿಯನ್ನು ತೊಟ್ಟಿಯೊಳಗೆ ಇಳಿಬಿಟ್ಟು, ಇನ್ನೊಂದನ್ನು ತೆಂಗಿನ ಬುಡದ ತಗ್ಗಿಗೆ ಎಳೆದು, ಬಾಯಿಟ್ಟು ಬಲವಾಗಿ ಹೀರಬೇಕು. ಮೊದಲ ಗುಟುಕು ಪಾಚಿನೀರು ನಾಲಗೆಗೆ ತಾಗಿದೊಡನೆ ಉಗಿದುಬಿಟ್ಟರಾಯಿತು, ಉಳಿದದ್ದೆಲ್ಲ ತನ್ನಷ್ಟಕ್ಕೆ ಹರಿಯುತ್ತದೆ. ಈ ಕೆಲಸದಲ್ಲಿ ಪೈಪಿನ ಕೆಳತುದಿಯನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ನನ್ನ ಅಸಂಖ್ಯ ಮರುಳುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಹೆಂಡತಿ ಸುಮ್ಮನಾಗಿದ್ದಾಳೆ.

ಆ ಪಟ್ಟಿ ದೊಡ್ಡದು. ತಲ್ಲೂರಿನ ಮನೆಗೆ ಹಾಕಿದ ಬೀಗವನ್ನು ಇನ್ನೊಮ್ಮೆ ಎಳೆದು ನೋಡಬೇಕೆನಿಸಿ ಹೆಮ್ಮಾಡಿಯಲ್ಲಿ ಬಸ್ಸಿಳಿದು ಹಿಂದಿರುಗಿದವನು ನಾನು. ಗ್ಯಾಸಿನ ವಾಸನೆ ಬಂದರೆ ಹೆದರುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಬಾರದಿದ್ದಾಗ, ನನ್ನ ಮೂಗು ಕೆಟ್ಟಿರಬಹುದೇ ಎಂದು ಹೆದರುವ ಶ್ರೇಣಿಗೆ ಸೇರಿದವನು ನಾನು. ಇಂಥವನಿಗೆ ದೈವಸಂಕಲ್ಪದಿಂದ ಸಿಕ್ಕಿದ ವೃತ್ತಿ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಎರಡು ಬೀಕರು, ಒಂದು ರಬ್ಬರು ನಳಿಕೆ, ಮೇಲಿನ ನೀರು ದಂಡೆ ಹತ್ತಿ ಕೆಳಗಿಳಿಯುವ ವಿಸ್ಮಯ: ಇದನ್ನು ಇಪ್ಪತ್ತು ವರ್ಷ ಮಕ್ಕಳಿಗೆ ತೋರಿಸಿದ್ದೇನೆ. ಕೆಳಗಿನ ತುದಿಯನ್ನು ಮೇಲಿನ ನೀರಿನ ಮಟ್ಟಕ್ಕಿಂತ ಮೇಲೆತ್ತಿದರೆ ಹರಿವು ನಿಲ್ಲುತ್ತದೆ, ಸೆಳೆತವೂ ಸಾಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಈ ಗೆರೆಯ ವಿಷಯವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ. ನನಗೂ ಒಮ್ಮೆ ಬೇಕಾಗಿತ್ತು.

ನನ್ನ ಅಕ್ಕ ಗಿರಿಜೆಯ ಗಂಡ ನರಸಿಂಹ ಭಾವನಿಗೆ ಈ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಿರಿಮಂಜೇಶ್ವರದಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿ ಅವರ ಮನೆ. ಗುಡ್ಡದಿಂದ ಹರಿದು ಬರುವ ತೋಡುಗಳಿಂದ ಜನರ ತೋಟಗಳಿಗೆ ಮೋಟಾರಿಲ್ಲದೆ ಪೈಪಿನಲ್ಲಿ ನೀರಿಳಿಸಿ ಕೊಡುವುದು ಅವನ ಕಸುಬು. ಎಲ್ಲಿ ಎಷ್ಟು ಇಳಿಜಾರು ಎಂಬುದು ಅವನ ಅಂಗಾಲಿಗೆ ಗೊತ್ತಾಗುತ್ತಿತ್ತು. ಹೀಗಿರುವಾಗ ಒಂದು ದಿನ ಟೀವಿಯಲ್ಲಿ, ಯಾವುದೋ ಚಳಿದೇಶದ ಗಡ್ಡದ ಮಂದಿ ತೋಡಿನ ಗುಂಡಿಗೆ ದಪ್ಪ ಪೈಪು ಇಳಿಸಿ, ಯಂತ್ರದ ಹಂಗಿಲ್ಲದೆ ಬರಿಯ ಇಳಿಜಾರಿನ ಬಲದಿಂದಲೇ ತಳದ ಮರಳನ್ನು ಸೆಳೆದು ಬಂಗಾರದ ಪುಡಿ ಹಿಡಿಯುವುದನ್ನು ಅವನು ನೋಡಿಬಿಟ್ಟ. ನಮ್ಮ ತೋಡಿನ ಮರಳೂ ಬಿಸಿಲಿಗೆ ಮಿನುಗುತ್ತದಲ್ಲ! ಆರಿಂಚಿನ ಕಪ್ಪು ಪೈಪು ಬಂತು. ಪೈಪಿನ ಕೆಳತುದಿಗೆ ಇಡಲು ಹಲಸಿನ ಹಲಗೆಯ, ದೋಣಿಯಂಥ ಉದ್ದನೆಯ ಮರಿಗೆ ತಯಾರಾಯಿತು. ಅದರ ತಳಕ್ಕೆ ತೆಂಗಿನ ನಾರಿನ ಚಾಪೆ ಹಾಸಿ, ಮೇಲೆ ಅಡ್ಡಪಟ್ಟಿಗಳನ್ನು ಹೊಡೆದ. ಹಗುರಾದ ಮರಳು ನೀರಿನೊಂದಿಗೆ ಹೊರಗೆ ಹೋಗಬೇಕು, ಭಾರದ ಬಂಗಾರ ನಾರಿನಲ್ಲಿ ಕೂರಬೇಕು ಎಂಬುದು ಒಟ್ಟು ಸಿದ್ಧಾಂತ.

ಎರಡು ವರ್ಷ ತೋಡನ್ನು ಜಾಲಾಡಿದ ಮೇಲೆ ಸಿಕ್ಕಿದ್ದು ಒಂದು ಬಾಟಲಿ ಕಾಗೆಬಂಗಾರ. ದಾರಿಹೋಕರಿಗೆ ಹಬ್ಬವಾಯಿತು.

“ಹ್ವಾಯ್ ನರ್ಸಿಂಹಣ್ಣ, ನಮ್ಗೊಂದ್ ಉಂಗ್ರಕ್ಕಾರೂ ಆತ್ತಾ?”

“ನಿನ್ನ್ ಹೆಂಡ್ತಿಗ್ ಸೊಂಟದ ಡಾಬೇ ಮಾಡ್ಸಿ ಕೊಡ್ತೆ. ಅಳ್ತೆ ತಕಂಡ್ ಬಾ, ಪೈಪ್ ಉದ್ದ ಸಾಕಾತ್ತಾ ಕಾಂಬ!”

ನನಗೆ ಮಾತ್ರ ಆ ಯಂತ್ರವಲ್ಲದ ಯಂತ್ರದ ಮೇಲೆ ವಿಶೇಷ ಗೌರವ. ಶಾಕ್ ಹೊಡೆಯಲು ತಂತಿಯಿಲ್ಲ, ಬೆಂಕಿ ಹತ್ತಲು ಎಣ್ಣೆಯಿಲ್ಲ, ಬೆರಳು ಸಿಕ್ಕಿಕೊಳ್ಳಲು ಬೆಲ್ಟಿಲ್ಲ. ನನ್ನ ಜೀವಮಾನದಲ್ಲಿ ಹೆದರಿಕೆಗೆ ಆಸ್ಪದವೇ ಕೊಡದ ವಸ್ತುವನ್ನು ನಾನು ಕಂಡದ್ದು ಅದೊಂದನ್ನೇ. ಭಾವ ಎದೆ ತಟ್ಟಿಕೊಂಡು, “ಮೋಟ್ರಿಲ್ಲ, ಕರೆಂಟಿಲ್ಲ. ಮಾಷ್ಟ್ರೆ, ಇನ್ನ್ ನೀವ್ ಎಂತಕ್ ಹೆದ್ರುದ್?” ಎಂದು ಕೇಳಿದಾಗ ಜಿಗಣೆಗೆ ಎಂದಿದ್ದೆ.

ಮಳೆ ಮುಗಿದು ತೋಡಿನ ನೀರು ತಿಳಿಯಾಗಿದ್ದ ದಿನಗಳಲ್ಲಿ ಅಕ್ಕ ಕಂಬಳಿ ಒಗೆಯುತ್ತಿದ್ದಾಗ ಅವಳ ಕರಿಮಣಿಸರ ಹರಿದು, ತಾಳಿ ಸಮೇತ ತೋಡಿನ ಗುಂಡಿಗೆ ಬಿತ್ತು. ಆ ದಿನವೇ ಅವಳು ಅರಿಸಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಆದರೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಗಂಡ ಹೊರಗೆ ಹೊರಟರೆ ಬಾಗಿಲಲ್ಲಿ ನಿಂತು ಅವನು ತಿರುವು ದಾಟುವವರೆಗೂ ನೋಡುತ್ತಿದ್ದಳು. ಚಿಂತೆ ನಮ್ಮ ಮನೆತನದ ಆಸ್ತಿ, ಪಾಲಾಗುವಾಗ ಸಿಂಹಪಾಲು ನನಗೆ ಬಂತೆಂದು ತಿಳಿದಿದ್ದೆ. ಅವಳ ಪಾಲು ಎಷ್ಟೆಂದು ಆಗ ಗೊತ್ತಾಯಿತು.

“ಕರಿಮಣಿ ಹೋದ್ದ್ ಒಳ್ಳೇದಲ್ಲ. ನಂಗ್ ಮನ್ಸ್ ಸಮ ಇಲ್ಲ,” ಎಂದಳು.

“ನನ್ ಜೀವ ಎಂತ ನಿನ್ ಕುತ್ಗಿಗ್ ನೇಲ್ಸಿ ಇಟ್ಟಿತ್ತಾ?” ಎಂದು ಭಾವ ನಕ್ಕ. ಅವಳು ನಗಲಿಲ್ಲ. “ಆಯ್ತ್ ಮಾರಾಯ್ತಿ, ಹುಡ್ಕಿ ಕೊಡ್ತೆ. ಪೈಪ್ ಇತ್ತಲೆ.”

ಎರಡು ವರ್ಷ ಊರವರ ನಗೆಗೆ ಗುರಿಯಾಗಿದ್ದ ಪೈಪಿಗೆ ಕೊನೆಗೂ ಒಂದು ಪುರುಷಾರ್ಥ ಒದಗಿತು. ಭಾನುವಾರ ಸಹಾಯಕ್ಕೆಂದು ನನ್ನನ್ನೂ ಕರೆಸಿಕೊಂಡರು. ಗುಂಡಿ ಎದೆಮಟ್ಟದ್ದು. ಅದರ ಕೆಳಬದಿಗೆ ಆಳೆತ್ತರದ ಬಂಡೆ, ಬಂಡೆಯ ಕೆಳಗೆ, ಇನ್ನೂ ಇಳಿಜಾರಿನಲ್ಲಿ ಮರಿಗೆ. ಭಾವ ಮೇಲೆ ಗುಂಡಿಯಲ್ಲಿ ಮುಳುಗಿ ಪೈಪಿನ ಬಾಯನ್ನು ತಳದ ಮರಳಿಗೆ ಹಿಡಿಯುವುದು, ಉಸಿರಿಗೆ ಮೇಲೆ ಬರುವುದು, ಮತ್ತೆ ಮುಳುಗುವುದು. ನಾನು ಕೆಳಗೆ ಮರಿಗೆಯ ಬಳಿ ನಿಂತು ಎಲೆ, ಕಡ್ಡಿ, ದೊಡ್ಡ ಕಲ್ಲುಗಳನ್ನು ಹೆಕ್ಕಿ ಎಸೆಯುವುದು. ನಡುವೆ ಬಂಡೆಯಿದ್ದುದರಿಂದ ನನಗೆ ಅವನು ಕಾಣುತ್ತಿರಲಿಲ್ಲ. ಅವನು ಇದ್ದಾನೆಂಬುದಕ್ಕೆ ಪೈಪಿನ ತುದಿಯಿಂದ ಧುಮುಕುವ ಕೆಂಪುನೀರೇ ಸಾಕ್ಷಿ.

ಅವನ ಶಾಸ್ತ್ರದಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಒಂದು, ನೀರು ನಿಂತರೆ ಬಾಯಿಗೆ ಎಲೆಯೋ ಕಲ್ಲೋ ಸಿಕ್ಕಿದೆ ಎಂದು ಅರ್ಥ, ಅವನೇ ಬಿಡಿಸಿಕೊಳ್ಳುತ್ತಾನೆ, ಕೆಳಗಿನವರು ಏನನ್ನೂ ಮುಟ್ಟಕೂಡದು. ಮತ್ತೊಂದು, ಚಾಪೆಯನ್ನು ಸಂಜೆಗೆ ಒಂದೇ ಸಲ ತೊಳೆಯುವುದು, ನಡುನಡುವೆ ಎತ್ತಿ ನೋಡಿದರೆ ಹಿಡಿದದ್ದೂ ತೊಳೆದುಹೋಗುತ್ತದೆ.

ಬೆಳಗಿನಿಂದ ನಾಲ್ಕೈದು ಸಲ ನೀರು ನಿಂತಿತ್ತು, ಮತ್ತೆ ಬಂದಿತ್ತು. ಮೊದಲ ಸಲ ನನ್ನ ಜೀವ ಬಾಯಿಗೆ ಬಂದಿತ್ತು. ಐದನೆಯ ಸಲಕ್ಕೆ ನಾನು ಆ ಕಸುಬಿನ ಪಳಗಿದ ಕೈಯಾಗಿದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕ ಚಾ ತಂದಳು. ನಾನು ಲೋಟ ಹಿಡಿದುಕೊಂಡು, ಕಲ್ಲಿನ ಮೇಲೆ ಬಿಟ್ಟ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋದೀತೇ ಎಂದು ಯೋಚಿಸುತ್ತಿದ್ದೆ. ನೀರು ನಿಂತಿತು.

“ನೀರ್ ನಿಂತ್ತಲ್ದಾ?” ಎಂದಳು ಅಕ್ಕ.

“ಎಲೆ ಸಿಕ್ಕಿರತ್ತ್. ತೆಗಿತ್ರ್ ಬಿಡ್,” ಎಂದೆ.

ಓದುಗ ಮಿತ್ರರೇ, ಆ ಚಾ ಬಿಸಿಯಿತ್ತು. ಊದಿ ಊದಿ ಕುಡಿದೆ. ಲೋಟ ಅರ್ಧವಾದರೂ ನೀರು ಬರಲಿಲ್ಲ. ಪೂರ್ತಿ ಮುಗಿಸಿಯೇ ಬಂಡೆ ಹತ್ತಿದೆ.

ಭಾವನ ಬೆನ್ನಿನ ಅಂಗಿ ನೀರಿನ ಮೇಲೆ ಗಾಳಿ ತುಂಬಿಕೊಂಡು ಉಬ್ಬಿತ್ತು. ಗುಂಡಿಗೆ ಹಾರಿ ಭುಜ ಹಿಡಿದು ಎಳೆದೆ, ಬರಲಿಲ್ಲ. ಸಿಕ್ಕಿದ ಕಲ್ಲನ್ನು ಬಿಡಿಸಲು ಹೋದ ಬಲಗೈಯನ್ನು ಪೈಪು ಮೊಣಕೈಯವರೆಗೆ ನುಂಗಿ ಹಿಡಿದಿತ್ತು. ಎಳೆದಷ್ಟೂ ಬಿಗಿಯಾಗುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಆರಿಸಲು ಸ್ವಿಚ್ಚಿಲ್ಲ. ನಾನು ಅವನ ಹೆಸರನ್ನು ಕೂಗುತ್ತ ಎಳೆಯುತ್ತಲೇ ಇದ್ದೆ. ಆಮೇಲೆ ಫಕ್ಕನೆ, ಏನೂ ಆಗದವನಂತೆ ಹಗುರಾಗಿ, ಅವನು ನನ್ನ ತೋಳಿಗೆ ಬಂದ. ಕೆಳಗೆ ಅಕ್ಕ ಮರಿಗೆಯಿಂದ ಪೈಪಿನ ತುದಿಯನ್ನು ಕಿತ್ತು, ಬಂಡೆಗೆ ಏಣಿಯಂತೆ ಒರಗಿಸಿ, ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದವನು ನಾನು, ಎತ್ತಿದವಳು ಅವಳು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಮೂರನೆಯ ದಿನ, ಯಾರೂ ಕೇಳದಿದ್ದರೂ, ನಾನು ಹೋಗಿ ಚಾಪೆ ತೊಳೆದೆ. ಮೇಲೆ ಕೆಂಪು ಮರಳು, ಅದರಡಿಗೆ ಕರಿಯ ಮರಳು, ಅದಕ್ಕೂ ಅಡಿಯಲ್ಲಿ, ಮೊದಲನೆಯ ಅಡ್ಡಪಟ್ಟಿಗೆ ಒತ್ತಿಕೊಂಡು, ನಾರಿನಲ್ಲಿ ಮುಖ ಹುದುಗಿಸಿ ತಾಳಿ ಕೂತಿತ್ತು. ಮೊದಲು ಬಂದದ್ದು ಅಡಿಯಲ್ಲಿ, ಆಮೇಲೆ ಬಂದದ್ದು ಮೇಲೆ. ಪದರಗಳ ಆ ಪಾಠವನ್ನೂ ನಾನೇ ಮಾಡುತ್ತಿದ್ದವನು. ಇಡೀ ದಿನದ ಮರಳು ಅದರ ಮೇಲಿತ್ತು. ಅಂದರೆ ಭಾವ ಬೆಳಗ್ಗೆ ಮೊದಮೊದಲ ಸಲ ಮುಳುಗಿ ಎದ್ದಾಗಲೇ ಅದು ಮರಿಗೆಗೆ ಬಂದು ಕೂತಿತ್ತು. ಆಮೇಲಿನ ಇಷ್ಟು ಹೊತ್ತು ಅವನು ಹುಡುಕುತ್ತಿದ್ದುದು ನನ್ನ ಕಾಲ ಬಳಿಯೇ ಇದ್ದ ವಸ್ತುವನ್ನು.

ಅಕ್ಕನ ಕೈಗೆ ಕೊಟ್ಟಾಗ ಅವಳು, “ಯಾವಾಗ ಬಂದದ್ದ್?” ಎಂದಷ್ಟೇ ಕೇಳಿದಳು.

ಗೊತ್ತಾಗುವುದಿಲ್ಲ ಎಂದೆ.

ಊರವರಿಗೆ ಎಲ್ಲವೂ ಗೊತ್ತಾಗಿತ್ತು. ಕರಿಮಣಿ ಹೋದಾಗಲೇ ಆಗಬೇಕಾದದ್ದು ನಿಶ್ಚಯವಾಗಿತ್ತು ಎಂದರು. ಅಕ್ಕನೂ ತಲೆ ತಗ್ಗಿಸಿ ಹೌದೆಂದಳು. ಸರ ಬಿದ್ದದ್ದು ತನ್ನಿಂದಲೇ, ದಾರ ಹಳತಾದದ್ದು ಕಂಡೂ ತಾನು ಬದಲಿಸಲಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಂಡಳು. ನಾನು ಪಕ್ಕದಲ್ಲಿ ಕೂತು ಕೇಳಿದೆ. ಒಂದು ಲೋಟ ಚಾದ ವಿಷಯ ಎತ್ತಿದ್ದರೆ ಅವಳ ತಲೆಯ ಭಾರದಲ್ಲಿ ಅರ್ಧವಾದರೂ ಇಳಿಯುತ್ತಿತ್ತೇನೋ. ವಿಜ್ಞಾನದ ಮೇಷ್ಟ್ರಿಗೆ ಅಪಶಕುನ ಅಷ್ಟು ಅನುಕೂಲಕ್ಕೆ ಬಂದದ್ದು ಅದೇ ಮೊದಲು.

ಅಕ್ಕ ಈಗ ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಳೆದ ವಾರ ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದಾಗ ತೊಟ್ಟಿ ತೊಳೆಯುವ ಕೆಲಸ ಬಂತು. ಹೆಂಡತಿ ತೊಟ್ಟಿಗೆ ಬಗ್ಗಿ ಗೋಡೆ ಉಜ್ಜುತ್ತಿದ್ದಳು. ನಾನು ಯಥಾಪ್ರಕಾರ ಕೆಳತುದಿಯ ಕಾವಲಿಗೆ. ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಹರಿಯುತ್ತಿದ್ದ ನೀರು ಸಣ್ಣದಾಗಿ ನಿಂತುಹೋಯಿತು. ಪಾಚಿಯ ಮುದ್ದೆ ಸಿಕ್ಕಿರಬೇಕು. ಇಂಥ ಗಳಿಗೆಗೆಂದೇ ವರ್ಷಗಟ್ಟಲೆ ಕಾವಲು ಕೂತವನ ಕೈ ಅಲ್ಲಾಡಲೇ ಇಲ್ಲ.

ಅಕ್ಕ ಎದ್ದು ಬಂದು, ನನ್ನ ಕೈಯಿಂದ ಪೈಪು ತೆಗೆದುಕೊಂಡು, ತಲೆಗಿಂತ ಮೇಲಕ್ಕೆ ಎತ್ತಿದಳು. ಪೈಪಿನೊಳಗಿನ ನೀರು ಗುಳುಗುಳು ಎಂದು ಹಿಂದಕ್ಕೆ ಸರಿಯಿತು. ತೊಟ್ಟಿಯಲ್ಲಿ ಪಾಚಿ ಬಿಟ್ಟುಕೊಂಡಿತು.

“ಆವತ್ತೂ ನೀರ್ ನಿಂತ ಕೂಡ್ಲೆ ಎತ್ತುಕ್ ಹೊರ್ಟಿದ್ದೆ,” ಎಂದಳು, ಪೈಪನ್ನು ನೋಡುತ್ತಲೇ. “ನಿನ್ ಮೋರೆ ಕಂಡೆ. ಹಲ್ಲಿ ಲೊಚಗುಟ್ರೂ ಹೆದ್ರುವವ ನೀ. ಆವತ್ತ್ ನೀ ಹೆದ್ರ್ಲಿಲ್ಲ. ಹಾಂಗಾಯಿ ನಾನೂ ಹೆದ್ರ್ಲಿಲ್ಲ.”

ತೊಟ್ಟಿ ಉಜ್ಜುವ ಸದ್ದು ನಿಂತಿತು. ಅಕ್ಕ ಪೈಪನ್ನು ನನ್ನ ಬಾಯಿಯ ಮಟ್ಟಕ್ಕೆ ಇಳಿಸಿ, “ಹೀರ್,” ಎಂದಳು. ನಾನು ಹೀರಿದೆ. ತುದಿ ಅವಳ ಕೈಯಲ್ಲೇ ಇತ್ತು, ನಾನು ಕೇಳಲಿಲ್ಲ, ಅವಳೂ ಕೊಡಲಿಲ್ಲ. ತಾಳಿ ಬಂದದ್ದು ಯಾವಾಗೆಂದು ಈಗಲಾದರೂ ಹೇಳಿಬಿಡಬೇಕೆಂದು ಅವಳತ್ತ ತಿರುಗಿದೆ. ಬಾಯಿ ತುಂಬ ಪಾಚಿನೀರಿತ್ತು.