ಮೇಷ್ಟ್ರು ಸರಿ ಮಾಡಿದ ಗಾಂಧಾರ

ಹಾರ್ಮೋನಿಯಂ ರಿಪೇರಿಯವರನ್ನು ಬೀದಿಯವರೆಲ್ಲ ಪೆಟ್ಟಿಗೆ ಮೇಷ್ಟ್ರು ಎನ್ನುತ್ತಿದ್ದರು. ಜೀವಮಾನದಲ್ಲಿ ಒಬ್ಬರಿಗೂ ಪಾಠ ಹೇಳಿದವರಲ್ಲ; ತಪ್ಪು ಹುಡುಕುವ ಚಾಳಿಯೊಂದೇ ಸಾಕಾಗಿತ್ತು ಆ ಹೆಸರಿಗೆ. ಕುಕ್ಕರಿನ ಸೀಟಿಗೂ ಶ್ರುತಿಯಿಲ್ಲವೆಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದರು. ಆಕೆ ಹೋದ ಮೇಲೆ ಗೊಣಗಲೂ ಯಾರಿಲ್ಲದೆ, ಅಂಗಡಿಯ ಹಿಂದಿನ ಕೋಣೆಗೇ ಮಂಚ, ಸ್ಟವ್ ತಂದು ಹಾಕಿಕೊಂಡಿದ್ದರು.

ಒಂದು ದಿನ ನಿವೃತ್ತ ನರ್ಸಮ್ಮನೊಬ್ಬರು ತೀರಿಹೋದ ಅಣ್ಣನ ಪೆಟ್ಟಿಗೆ ತಂದರು. ಗಾಳಿಯೊತ್ತುವ ತಿದಿ ಹರಿದಿತ್ತು, ಅಷ್ಟೇ ಕೆಲಸ. ಮೇಷ್ಟ್ರು ಸುಮ್ಮನಿರಬೇಕಲ್ಲ! ಇರಲಾರದೆ ಇರುವೆ ಬಿಟ್ಟುಕೊಂಡರು. ಗಾಂಧಾರ ಸ್ವರ ತುಸು ಇಳಿದಂತೆ ಕೇಳಿಸಿತು. ನಾದ ಹೊರಡಿಸುವ ಹಿತ್ತಾಳೆಯ ರೀಡಿನ ತುದಿಗೆ ಅರ ಆಡಿಸಿ, ಸ್ವರ ಏರಿಸಿ, ಬಿಟ್ಟಿ ಉಪಕಾರ ಮಾಡಿ ಕಳಿಸಿದರು.

ತಿಂಗಳ ನಂತರ ನರ್ಸಮ್ಮ ಪೆಟ್ಟಿಗೆಯೊಂದಿಗೆ ಮತ್ತೆ ಬಂದರು.

"ಮೊದಲು ನನ್ನ ಕಿವಿನೇ ಕೆಟ್ಟಿದೆ ಅಂದ್ಕೊಂಡೆ. ಗಾಂಧಾರ ಏನಾದ್ರೂ ಮುಟ್ಟಿದ್ರಾ?"

"ಇಳಿದಿತ್ತಮ್ಮ. ಸರಿ ಮಾಡ್ದೆ."

"ಇಳಿದಿರ್ಲಿಲ್ಲ. ಅಣ್ಣ ವರ್ಷಗಟ್ಟಲೆ ಹುಡುಕಿ ಅಲ್ಲಿ ನಿಲ್ಲಿಸಿದ್ದ. ಎರಡು ಸ್ವರದ ಮಧ್ಯೆ ಅವನದೇ ಒಂದು ಜಾಗ ಅದು."

ಮೇಷ್ಟ್ರು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. ಇಂಥ ನಡುಸ್ವರ ಹುಡುಕುವವರಿದ್ದಾರೆಂದು ಕೇಳಿದ್ದರು, ಕೇಳಿ ನಕ್ಕಿದ್ದರು. ರೀಡಿನ ಬುಡಕ್ಕೆ ಅರ ಆಡಿಸಿದರೆ ಸ್ವರ ಇಳಿಯುತ್ತದೆ, ಸರಿ. ಆದರೆ ಎಷ್ಟು ಇಳಿಸುವುದು? ಅಣ್ಣ ಬರೆದಿಟ್ಟಿರಲಿಲ್ಲ, ಇವರು ಅಳೆದಿರಲಿಲ್ಲ. ಹಳೆಯ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡರು. ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಜಾಗವನ್ನು ಅದು ನೂರು ಪಾಲು ಮಾಡಿ, ಬೇಕೆಂದ ಪಾಲನ್ನು ನುಡಿಸುತ್ತದೆ. ನರ್ಸಮ್ಮನನ್ನು ಕರೆಸಿ, ತಾವು ಸರಿ ಮಾಡಿದ ಜಾಗದಿಂದ ಒಂದೊಂದೇ ಪಾಲು ಇಳಿಸುತ್ತ, "ಅಣ್ಣಂದು ಅನ್ಸಿದ ಕಡೆ ಕೈ ಎತ್ತಿ" ಎಂದರು.

ನರ್ಸಮ್ಮ ಮೂವತ್ತೆರಡನೇ ಪಾಲಿಗೆ ಕೈಯೆತ್ತಿದರು. ಖಚಿತವಾಗಲೆಂದು ಮರುದಿನ ಕರೆದರೆ ಹತ್ತೊಂಬತ್ತು. ಮೂರನೆಯ ದಿನ ಎಂಟು. ಅರ ಹಿಡಿದು ಕೂತಿದ್ದ ಮೇಷ್ಟ್ರು, ತಪ್ಪೆಂದು ತಾವೇ ತೆಗೆದುಹಾಕಿದ ಸ್ವರ ಹೇಗಾದರೂ ಸಿಗಲಿ ಎಂದು ಹಂಬಲಿಸುತ್ತಿದ್ದರು.

ನಾಲ್ಕನೆಯ ದಿನ ಸೊನ್ನೆಯಲ್ಲೇ ನರ್ಸಮ್ಮನ ಕೈ ಮೇಲೆದ್ದಿತು.

"ಇನ್ನೂ ಇಳಿಸೇ ಇಲ್ವಲ್ಲಮ್ಮ. ಇದು ನಾನು ಮಾಡಿದ್ದು."

"ಗೊತ್ತು. ತಿಂಗಳು ಪೂರ್ತಿ ಮನೇಲಿ ಇದನ್ನೇ ನುಡಿಸ್ದೆ ನೋಡಿ, ಒಬ್ಳೇ ಇರ್ತೀನಲ್ಲ. ಇಲ್ಲೂ ದಿನಾ ಇದ್ರಿಂದ್ಲೇ ಶುರು. ಈಗ ಅಣ್ಣನ್ನ ನೆನೆಸ್ಕೊಂಡ್ರೂ ನಿಮ್ದೇ ಕೇಳುತ್ತೆ."