ಹಲಗೆಯ ಮೇಲೆ ಕೂತ ಗಾಳಿ

ಹಲಗೆ ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ. ಬಡಿಗತನದ ಮೊದಲ ಸಂಕಟವೇ ಇದು; ಆದರೆ ಅಂಗಡಿಯ ಮುಂದೆ ಹಾದುಹೋಗುವ ನನಗೂ ನಿಮಗೂ ಕಾಣುವುದು ಉಳಿ, ಗರಗಸ, ಸುರುಳಿ ಸುರುಳಿಯಾಗಿ ಬೀಳುವ ಕಟ್ಟಿಗೆಯ ಸಿಪ್ಪೆ ಮಾತ್ರ. ಹಲಗೆ ನುಣುಪಾಗಿಸುವ ಕೀಸುಳಿ ಮುಂದೆ ಸಾಗಿದರೆ ಹಲಗೆಯೂ ಅದರ ಜೊತೆ ಮುಂದೆ ಸಾಗುತ್ತದೆ. ಯಾರಾದರೂ ಅದನ್ನು ಹಿಡಿಯಬೇಕು. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನಮ್ಮ ಕಾಕಾನ ಅಂಗಡಿಯಲ್ಲಿ ಹಾಗೆ ಹಿಡಿಯುತ್ತಿದ್ದವಳು ಅವರ ಹೆಂಡತಿ, ನಮ್ಮ ಕಾಕು.

ಹಿಡಿಯುತ್ತಿದ್ದಳು ಎಂದರೆ ತಪ್ಪಾದೀತು, ಕೂಡುತ್ತಿದ್ದಳು. ಹಲಗೆಯ ಒಂದು ತುದಿಯ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಕಾಕಾ ಆಚೆ ತುದಿಯಿಂದ ಕೀಸುತ್ತ ಬಂದು ಅವಳ ಮೊಳಕಾಲು ಮುಟ್ಟುವಷ್ಟು ಹತ್ತಿರವಾದಾಗ ಎದ್ದು, ನುಣುಪಾದ ಕಡೆಗೆ ಹೋಗಿ ಮತ್ತೆ ಕೂಡುತ್ತಿದ್ದಳು. ಅಂಗಡಿಯ ಹಿಂಬದಿಗೇ ಮನೆ, ನಡುವೆ ಒಂದೇ ಗೋಡೆ. ಮನೆಯೊಳಗೆ ಇಬ್ಬರೂ ಮೌನವ್ರತ ಹಿಡಿದವರಂತೆ ಇರುತ್ತಿದ್ದರು. ಅವರ ಸಂಸಾರದ ಮಾತೆಲ್ಲ ನಡೆದದ್ದು ಆ ಹಲಗೆಯ ಎರಡು ತುದಿಗಳ ನಡುವೆ.

"ಜರಾ ಭಾರ ಹಾಕಿ ಕೂಡು ಬೇ, ಗುಬ್ಬಿ ಕುಂತಂಗ ಕುಂದರ್ತಿ."

"ಉಣ್ಣಾಕ ಹಾಕಿದಷ್ಟ ಭಾರ ಇರ್ತದ್ರಿ."

ಇಂಥ ಮಾತಿಗೆ ತೀರ್ಪುಗಾರರಿಲ್ಲ, ಗಂಟೆ ಬಾರಿಸುವವರಿಲ್ಲ. ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವಳು. ಯಾರೇನು ಹೇಳಿದರೂ ಪುರಾವೆ ಕೇಳುವುದು, ಎದುರಾಳಿಯ ವಾದದಲ್ಲಿ ಮೆತ್ತಗಿರುವ ಜಾಗ ಹುಡುಕಿ ಅಲ್ಲಿಯೇ ಒತ್ತುವುದು ನನಗೆ ಊಟದಷ್ಟು ಸಹಜ. ಅದಕ್ಕೇ ಈ ಮನೆಯಲ್ಲಿ ನನ್ನ ಹೆಸರು ವಕೀಲ್ ಸಾಹೇಬ. ಆದರೂ ಕಾಕುವಿನ ಜೊತೆ ವಾದಕ್ಕಿಳಿದು ಗೆದ್ದು ಎದ್ದ ನೆನಪಿಲ್ಲ.

ಬಿಡದ ಕೆಮ್ಮಿಗೆಂದು ಕಲಬುರಗಿಗೆ ಕರೆದುಕೊಂಡು ಹೋದಾಗ, ಡಾಕ್ಟರು ಅವಳ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಇಷ್ಟು ವರ್ಷ ಕೀಸಿದ ಕಟ್ಟಿಗೆಯ ಧೂಳು ಒಳಗೇ ಮನೆ ಮಾಡಿತ್ತು. ಹೋದ ಉಸಿರು ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ಅಂಗಡಿಯೊಳಗೆ ಕಾಲಿಡಕೂಡದು ಎಂದರು. ಕಾಕಾ ಮರುದಿನವೇ ಕೆಟ್ಟು ನಿಂತ ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚತೊಡಗಿದರು.

ಮೊಬೈಲಿನಲ್ಲಿ ಎಲ್ಲೋ ನೋಡಿದ್ದರಂತೆ. ದಪ್ಪ ಹಲಗೆಯೊಂದರ ಮೈತುಂಬ ಚೌಕಳಿಯಾಗಿ ಸಣ್ಣ ಕಾಲುವೆಗಳನ್ನು ಕೊರೆದು, ಅಂಚಿಗೆ ರಬ್ಬರಿನ ಪಟ್ಟಿ ಕೂಡಿಸಿ, ನಡುವಿನ ತೂತಿನಿಂದ ಕಂಪ್ರೆಸರಿಗೆ ನಳಿಗೆ ಹಾಯಿಸಿದರು. ಪಕ್ಕದಲ್ಲಿ ಒತ್ತಡ ತೋರಿಸುವ ಮುಳ್ಳಿನ ಗೇಜು. ಕೆಲಸ ಮುಗಿದ ಮೇಲೆ ಗಾಳಿ ಒಳಬಿಟ್ಟು ಹಲಗೆ ಬಿಡಿಸಿಕೊಳ್ಳಲು ಒಂದು ಪುಟ್ಟ ಹಿತ್ತಾಳೆ ವಾಲ್ವು. ಕೀಸಬೇಕಾದ ಹಲಗೆಯನ್ನು ಮೇಲಿಟ್ಟು ಗುಂಡಿ ಒತ್ತಿದರೆ ಪಂಪು ಅಡಿಯ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತದೆ, ಹಲಗೆ ಬಂಡೆಯಂತೆ ನಿಲ್ಲುತ್ತದೆ. ಹಿಡಿಕೆಯಿಲ್ಲ, ಮೊಳೆಯಿಲ್ಲ, ಮೈಮೇಲೆ ಒಂದು ಗಾಯವಿಲ್ಲ.

"ನನ್ನ ಸವತಿನ್ನ ತಂದ್ರಿ ಅನ್ರಿ," ಎಂದಳು ಕಾಕು ಬಾಗಿಲಲ್ಲೇ ನಿಂತು. "ಜೋರ್ ಎಳೀತಾಳೇನು?"

ನಾನು ಸುಮ್ಮನಿರಬೇಕಲ್ಲ! ಪಂಪು ಎಳೆಯುವುದೇ ಇಲ್ಲ ಎಂದು ವಿವರಿಸಿದೆ. ನಮ್ಮೆಲ್ಲರ ಮೇಲೂ ಸದಾ ಗಾಳಿಯ ಭಾರವಿರುತ್ತದೆ. ಅಡಿಯಿಂದ ಎದುರೊತ್ತುವ ಗಾಳಿಯನ್ನು ಪಂಪು ತೆಗೆದಾಗ ಮೇಲಿನ ಗಾಳಿ ಹಲಗೆಯನ್ನು ಅದುಮಿ ಹಿಡಿಯುತ್ತದೆ. ನಿರ್ವಾತ ಏನನ್ನೂ ಮಾಡುವುದಿಲ್ಲ, ಮಾಡುವುದೆಲ್ಲ ಹೊರಗಿನದು.

"ಅಂದ್ರ ನನ್ನ ಜಾಗಾದಾಗ ಗಾಳಿ ಕುಂತದ ಈಗ. ಹಂಗಿದ್ರ ಇಷ್ಟ ದಿನಾ ನನ್ನ ಮ್ಯಾಲ ಕುಂತದ್ದು ನನಗ್ಯಾಕ ಗೊತ್ತಾಗಿಲ್ಲ?"

"ನಿನ್ನೊಳಗಿಂದೂ ಒತ್ತತದ ಕಾಕು, ಅದಕ್ಕ."

ಅವಳು ಸ್ವಲ್ಪ ಹೊತ್ತು ಸೆರಗಿನಿಂದ ಬಾಯಿ ಒತ್ತಿಕೊಂಡು ಕೆಮ್ಮಿದಳು. "ಒಳಗಿಂದು ಕಡಿಮಿ ಆಗ್ಯಾದ ಅಂತ ಕಾಣ್ತದ ಬೇ. ಈಗೀಗ ಭಾಳ ಒತ್ತತದ."

ಭೌತಶಾಸ್ತ್ರದ ಪ್ರಕಾರ ಅದು ತಪ್ಪು. ಖಂಡಿಸಲು ನನ್ನ ಬಳಿ ಎರಡು ವಾಕ್ಯ ಸಿದ್ಧವಿದ್ದವು. ಅವನ್ನು ಬಿಟ್ಟು ನೀರು ತರಲು ಒಳಗೆ ಹೋದೆ.

ಅಂದಿನಿಂದ ಕಾಕು ಗೋಡೆಯ ಈಚೆ ಕೂತಳು, ಹಲಗೆ ಗೋಡೆಯ ಆಚೆ ನಿಂತಿತು. "ನಿಂತದೇನ್ರಿ?" ಎಂದು ಇವಳು ಕೂಗುವುದು, "ನಿಂತದ" ಎಂದು ಅವರು ಅನ್ನುವುದು, ಅಲ್ಲಿಗೆ ಸಂಸಾರದ ಮಾತು ಮುಗಿಯಿತು. ಕೈಗೆ ಬಿಡುವು ಸಿಕ್ಕವರು ಸುಖವಾಗಿರುತ್ತಾರೆ ಎನ್ನುವವರ ಎದುರು ನಾನು ಈಗ ಧಾರಾಳವಾಗಿ ವಾದಿಸಬಲ್ಲೆ. ಕಾಕು ಮೊರವನ್ನು ಮುಟ್ಟುವುದು ಬಿಟ್ಟಳು, ಉಣ್ಣುವುದು ಕಡಿಮೆ ಮಾಡಿದಳು, ಗಾಣಗಾಪುರದ ಬಸ್ಸು ಹಾರ್ನು ಹೊಡೆದರೂ ತಿರುಗಿ ನೋಡದೆ ಗೋಡೆಯನ್ನೇ ನೋಡುತ್ತ ಕೂಡತೊಡಗಿದಳು.

ಹೀಗಿರುವಾಗ ಒಂದು ಮುಂಜಾನೆ ಅಂಗಡಿಯಿಂದ ಕೂಗು ಬಂತು: "ಏ, ಬಾ ಬೇ ಇಲ್ಲಿ! ನಿನ್ನ ಸವತಿ ಕೈ ಕೊಟ್ಟಳು, ಹಲಗಿ ಜಾರಾಕತ್ತದ."

ಕಾಕು ಎದ್ದ ರೀತಿಯನ್ನು ನೀವು ನೋಡಬೇಕಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು, "ನಾ ಹೇಳಿದ್ನಿಲ್ಲೇನು, ಅಕಿ ನಂಬಿಗಸ್ತಳಲ್ಲ ಅಂತ," ಎನ್ನುತ್ತ ಹೋಗಿ ಹಲಗೆಯ ಮೇಲೆ ಕೂತಳು. ಕಾಕಾ ಕೀಸಿದರು. ಗುಬ್ಬಿ, ಊಟ, ಭಾರ, ಎಲ್ಲವೂ ಮರಳಿ ಬಂದವು.

ಅದಾದ ಮೇಲೆ ಯಂತ್ರ ಆಗಾಗ ಕೈ ಕೊಡತೊಡಗಿತು. ಕಾರಣವಿಲ್ಲದೆ ಕಾರ್ಯವಿಲ್ಲ ಎನ್ನುವವಳು ನಾನು, ಹುಡುಕಿದೆ. ರಬ್ಬರು ಸರಿಯಿತ್ತು, ನಳಿಗೆ ಸರಿಯಿತ್ತು. ಹಿತ್ತಾಳೆಯ ವಾಲ್ವು ಮಾತ್ರ ಕೂದಲೆಳೆಯಷ್ಟು ತೆರೆದಿತ್ತು.

"ಕಾಕಾ, ಇದನ್ನ ನೀವ ತೆಗೀತೀರಿ."

ಅವರು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟರ್ ಅಂದದ್ದು ನೆನಪದ ಇಲ್ರಿ?"

"ನೆನಪದ. ಕರಿಯೂಕಿಂತ ಮೊದಲ ನೆಲಕ್ಕ ನೀರ್ ಹೊಡೀತೇನಿ, ಗರಗಸದ ಮಿಶನ್ ಮುಟ್ಟಂಗಿಲ್ಲ. ಅಕಿ ಆ ಗ್ವಾಡಿ ನೋಡ್ಕೋತ ಕುಂದ್ರೂದು ನೀ ನೋಡಿಯೇನು, ವಕೀಲ್ ಸಾಹೇಬ? ಜೀವಂತ ಇದ್ದೂ ಮಣ್ಣಿಗೆ ಹೋದಂಗ ಆಗ್ಯಾಳ."

ಉಸಿರು ದೊಡ್ಡದೋ ಉಸಿರಾಡುವ ಹುರುಪು ದೊಡ್ಡದೋ? ಚರ್ಚಾಕೂಟದಲ್ಲಿ ಈ ವಿಷಯ ಕೊಟ್ಟಿದ್ದರೆ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಎರಡೂ ಸಲ ಬಹುಮಾನದ ಕಪ್ ತರುತ್ತಿದ್ದೆ. ಆ ದಿನ ಮಾತ್ರ ಯಾವ ಪಕ್ಷವೂ ನನ್ನದಾಗಲಿಲ್ಲ. ಕಾಕುವಿಗೆ ಹೇಳಿಬಿಡಬೇಕು, ಮೈ ಅವಳದು, ತೀರ್ಮಾನವೂ ಅವಳದೇ ಎಂದುಕೊಂಡು ಹೋದೆ. ಅಂಗಳದಲ್ಲಿ ಅವಳ ತಲೆ ಬಾಚುತ್ತ ಮಾತು ತೆಗೆಯುವಷ್ಟರಲ್ಲಿ ಅವಳೇ ನಕ್ಕಳು.

"ವಾಲ್ವಿಂದು ಹೇಳಾಕ ಬಂದಿಯೇನು? ಮೊದಲ ಸುಂಯ್ ಅಂತದ. ಆಮ್ಯಾಲ ಹಲಗಿ ಜಾರ್ತದ. ಆಮ್ಯಾಲ ಕರೀತಾರ. ನನ್ನ ಪುಪ್ಪುಸ ಕೆಟ್ಟದ, ಕಿವಿ ಕೆಟ್ಟಿಲ್ಲ."

"ಗೊತ್ತಿದ್ದೂ ಹೋಗ್ತಿ?"

"ಕರದಾರಲ್ಲ ಬೇ." ಸ್ವಲ್ಪ ದಮ್ಮು ತೆಗೆದುಕೊಂಡು ಮುಂದುವರಿಸಿದಳು: "ನನಗ ಗೊತ್ತದ ಅಂತ ಅವರಿಗೆ ಹೇಳಬ್ಯಾಡ. ಹೇಳಿದ್ರ ಕರಿಯೂದು ಬಿಡ್ತಾರ."

ಮಾತು ಕೊಟ್ಟೆ. ಒಂದೇ ಮನೆಯಲ್ಲಿ ಒಂದು ಸುಳ್ಳನ್ನು ಎರಡೂ ತುದಿಗಳಿಂದ ಇಬ್ಬರು ಹಿಡಿದಿದ್ದರು. ಅದನ್ನು ನಾನು ಕಂಡೂ ಕಾಣದವಳಂತೆ ಇದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಕಾಕು ಎದ್ದು ನಡೆಯುವುದು ನಿಂತಿತು, ಆಮೇಲೆ ಮಾತು ನಿಂತಿತು, ತೊಗರಿ ಬಿತ್ತುವ ಹೊತ್ತಿಗೆ ಹೋದಳು.

ದುಃಖ ಒಳಗಿನಿಂದ ಬರುತ್ತದೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ಬೆಳಗು, ಅದೇ ಕಬ್ಬಿನ ಗಾಡಿ, ಅದೇ ಚಹಾದ ಹೊತ್ತು; ಲೋಕ ಒಂದು ಗುಂಜಿಯೂ ಹೆಚ್ಚು ಭಾರವಾಗಿಲ್ಲ. ಒಳಗಿನಿಂದ ಅದಕ್ಕೆ ಎದುರೊತ್ತುತ್ತಿದ್ದದ್ದು ಹೋಗಿದೆ, ಅಷ್ಟೆ. ಸುಮ್ಮನೆ ಇದ್ದ ಸಾಮಾನುಗಳೇ ಎದೆಯ ಮೇಲೆ ಹತ್ತಿ ಕೂಡುತ್ತವೆ.

ಮೊನ್ನೆ ಅಂಗಡಿಗೆ ಹೋದಾಗ ಕಾಕಾ ಬಾಗಿಲಿನ ಹಲಗೆಯೊಂದನ್ನು ಯಂತ್ರಕ್ಕೆ ಕೊಟ್ಟಿದ್ದರು. ಗೇಜಿನ ಮುಳ್ಳು ತುದಿಗೆ ಹೋಗಿ ನಿಂತಿತ್ತು. ಕೀಸುಳಿ ಕೈಯಲ್ಲಿತ್ತು, ಕೀಸುತ್ತಿರಲಿಲ್ಲ.

"ಒಂದ್ ಕೇಳ್ತೇನಿ. ಖರೆ ಹೇಳಬೇಕು," ಎಂದರು. "ಅಕಿಗೆ ಗೊತ್ತಿತ್ತೇನು? ಗೊತ್ತಿಲ್ದ ಬಂದಿದ್ರ, ನಾ ಅಕಿನ್ನ ಮೋಸ ಮಾಡಿ ಧೂಳದಾಗ ಕುಂದ್ರಿಸಿ ಕೊಂದಂಗ."

ಕೊಟ್ಟ ಮಾತು ನೆನಪಾಯಿತು. ಆ ಮಾತಿಗೊಂದು ಕಾರಣವಿತ್ತು. ಇನ್ನು ಕರೆಯುವುದೂ ಇಲ್ಲ, ಬಿಡುವುದೂ ಇಲ್ಲ. ಕಾರಣ ಹೋದ ಮೇಲೆ ಮಾತಿಗೆ ಕಟ್ಟುಂಟೇ ಎಂದು ನನ್ನೊಳಗಿನ ವಕೀಲೆ ಕೇಳಿದಳು. ಅವಳ ವಾದ ಸರಿಯೋ ತಪ್ಪೋ ನನಗೆ ಈಗಲೂ ತಿಳಿದಿಲ್ಲ.

"ಗೊತ್ತಿತ್ತು ಕಾಕಾ. ಮೊದಲನೇ ದಿನದಿಂದ. ವಾಲ್ವಿನ ಸಪ್ಪಳ ಕೇಳಿಸ್ತಿತ್ತು."

ಅವರು ವಾಲ್ವಿನ ಮೇಲೆ ಬೆರಳಿಟ್ಟರು. "ನನಗ ಆವಾಗ್ಲೇ ಹೇಳಬಾರ್ದಿತ್ತೇನ್ ಬೇ? ನಾ ಕರೀತಿದ್ದಿಲ್ಲ."

"ಅದಕ್ಕ ಹೇಳಬ್ಯಾಡ ಅಂದಿದ್ಲು."

ಕಾಕಾನ ಗಂಟಲಿನಿಂದ ನಗೆಯಂಥದ್ದೊಂದು ಬಂತು, ಅರ್ಧದಲ್ಲೇ ಬೇರೆ ಏನೋ ಆಯಿತು. ಅವರು ಮುಖ ತಿರುಗಿಸಿ ಪಂಪು ಆರಿಸಿ, ವಾಲ್ವನ್ನು ಪೂರ್ತಿ ಬಿಚ್ಚಿದರು. ಗಾಳಿ ಒಳನುಗ್ಗಿತು, ಅದುವರೆಗೆ ಬಂಡೆಯಾಗಿದ್ದ ಹಲಗೆ ಒಂದು ಸಲ ಅಲುಗಿ ಬರೀ ಹಲಗೆಯಾಯಿತು. ಎತ್ತಿ ಗೋಡೆಗೆ ಆನಿಸಲು ಅವರು ಈಚೆ ತುದಿಗೆ ಕೈ ಹಾಕಿದರು. ಒಬ್ಬರಿಗೆ ಎತ್ತಲಾಗದ ಉದ್ದ ಅದು. ನಾನು ಆಚೆ ತುದಿ ಹಿಡಿದೆ.