ಆನೆಗೆಂದು ತಂದ ಬಾಳೆಹಣ್ಣು

ಜೀಪಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಆನೆ ಬಂದು ನಿಂತಾಗ ಅಮ್ಮ ಮೊದಲು ಮಾಡಿದ ಕೆಲಸ ಚಪ್ಪಲಿ ಕಳಚಿದ್ದು. ಆಮೇಲೆ ಕೈಚೀಲದಿಂದ ಒಂದು ಬಾಳೆಹಣ್ಣು ತೆಗೆದರು. ಕೀನ್ಯಾದಲ್ಲಿ ನಮ್ಮ ಸಫಾರಿಯ ಕೊನೆಯ ಬೆಳಗು ಅದು. ಮೂರು ತಿಂಗಳು ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ನಮ್ಮ ಜೊತೆಗಿದ್ದ ಅಮ್ಮ ಅಂದು ಸಂಜೆ ನೈರೋಬಿಯಿಂದಲೇ ಮೈಸೂರಿನ ದಾರಿ ಹಿಡಿಯುವವರಿದ್ದರು. ಊರಲ್ಲಿ ಆನೆ ಕಂಡರೆ ಅವರು ಬರಿಗೈಲಿ ಮುಂದೆ ಹೋದವರೇ ಅಲ್ಲ. ಇಲ್ಲೂ ನಾಲ್ಕು ದಿನದಿಂದ ಹಣ್ಣು ಹಿಡಿದೇ ಕಾದಿದ್ದರು.

ಗೈಡ್ ಗಾಬರಿಯಿಂದ ತಿರುಗಿ, ಹಣ್ಣಿನ ವಾಸನೆ ಹಿಡಿದರೆ ಆನೆ ಜೀಪಿನ ಮೇಲೇ ಬರುತ್ತದೆ ಎಂದ. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವಾಗ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ. ಆನೆ ಮರಗಳ ಮರೆಗೆ ಸರಿಯುವವರೆಗೂ ಅವರು ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತರು. ಆಮೇಲೆ ಅದನ್ನು ಗೈಡ್‌ನ ಕೈಗಿಟ್ಟು, "ನೀನೇ ತಿನ್ನಪ್ಪ. ನೀನು ತಿಂದ್ರೆ ಆ ಗಣಪನಿಗೆ ಮುಟ್ಟತ್ತೆ" ಎಂದರು.

ನಾನು ಅರ್ಥ ಹೇಳಿದೆ. ಅವನು ನಗಲಿಲ್ಲ. ಟೋಪಿ ತೆಗೆದಿಟ್ಟು, ನಿಧಾನವಾಗಿ ಅಷ್ಟೂ ತಿಂದ. ಅಮ್ಮ ಅವನನ್ನೇ ನೋಡುತ್ತಾ ಕೈಮುಗಿದರು.

ಮೊನ್ನೆ, ಮೈಸೂರಿನಲ್ಲಿರುವ ಅಮ್ಮನ ಹುಟ್ಟುಹಬ್ಬ. ಅವರಿಗಿಷ್ಟವಾದ ಹೆಸರುಬೇಳೆ ಪಾಯಸ ಮಾಡಿ, ಮೊದಲ ಬಟ್ಟಲನ್ನು ಕಿಲ್ಕೆನ್ನಿಯ ನಮ್ಮ ಪಕ್ಕದ ಮನೆಯ ಐರಿಷ್ ಅಜ್ಜಿಗೆ ಕೊಟ್ಟೆ. ಅವರು "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತಾ ಬಾಗಿಲಲ್ಲೇ ನಿಂತು ತಿಂದರು. ಬಟ್ಟಲು ಖಾಲಿಯಾಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.